ಎಕ್ಸೆಲ್ ತುಂಬುವುದು ದಂಡದ ಕೆಲಸವಾ?

ಪ್ರಶ್ನೆ: ಮೇಡಂ, ನಾನು ಎಂ.ಎ. ವಿದ್ಯಾರ್ಥಿ. ಈ ಸೆಮಿಸ್ಟರ್ ಪೂರ್ತಿ ದೆಹಲಿಯ ಒಂದು ನೀತಿ ಸಂಶೋಧನಾ ಸಂಸ್ಥೆಯಲ್ಲಿ ಇಂಟರ್ನ್. ಐದು ವಾರವಾಯಿತು, ಬಜೆಟ್ ಪುಸ್ತಕ ನೋಡಿ ಎಕ್ಸೆಲ್ ತುಂಬುವುದೇ ಕೆಲಸ. ನಿಜವಾದ ಪಾಲಿಸಿ ಕೆಲಸ ಯಾವಾಗ ಕೊಡುತ್ತಾರೆ?

ಉತ್ತರ: ಈ ತಿಂಗಳು ಇದೇ ಪ್ರಶ್ನೆ ನಾಲ್ಕನೇ ಸಲ ಬಂದಿದೆ. ಐದು ವಾರದ ಇಂಟರ್ನ್ ಕೈಗೆ ನೀತಿ ಬರೆಯಲು ಕೊಡುವ ಸಂಸ್ಥೆ ಇದ್ದರೆ, ಅಲ್ಲಿಂದ ಮೊದಲು ಎದ್ದು ಬನ್ನಿ.

ಆ ಶೀಟನ್ನು ಸರಿಯಾಗಿ ತುಂಬಿದ್ದೀರಾ, ಅದನ್ನು ಹೇಳಿ. ಕೇಂದ್ರ ಬಜೆಟ್ಟಿನ ವೆಚ್ಚದ ಪುಟದಲ್ಲಿ ನಾಲ್ಕು ಕಾಲಂ ಇರುತ್ತವೆ. 2025–26ರ ಬಜೆಟ್ ತೆಗೆದರೆ, ಮೊದಲನೆಯದು 2023–24ರಲ್ಲಿ ನಿಜವಾಗಿ ಖರ್ಚಾದದ್ದು. ಆಮೇಲೆ 2024–25ರ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು. ಕೊನೆಯದು ಹೊಸ ವರ್ಷದ ಅಂದಾಜು. ಫೆಬ್ರವರಿಯಲ್ಲಿ ಬಜೆಟ್ ಮಂಡಿಸುವಾಗ ನಡೆಯುತ್ತಿರುವ ವರ್ಷವೇ ಮುಗಿದಿರುವುದಿಲ್ಲ, ಅಲ್ವಾ? ಅದಕ್ಕೇ ನಿಜವಾದ ಲೆಕ್ಕ ಅಷ್ಟು ಹಳೆಯದು.

ನರೇಗಾ ನೋಡಿ. 2020–21ರ ಬಜೆಟ್ ಅಂದಾಜು 61,500 ಕೋಟಿ ರೂಪಾಯಿ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ನಗರ ಬಿಟ್ಟು ಊರಿಗೆ ಬಂದವರು ಕೆಲಸ ಕೇಳಿದರು. ಮೇ ತಿಂಗಳಲ್ಲಿ ಇನ್ನೂ 40,000 ಕೋಟಿ ಘೋಷಣೆಯಾಯಿತು. ಪರಿಷ್ಕೃತ ಅಂದಾಜು 1,11,500 ಕೋಟಿಗೆ ಹೋಯಿತು. ಮರುವರ್ಷ ಇಟ್ಟದ್ದು 73,000 ಕೋಟಿ. ಈಗ ಹೇಳಿ, ಹಣ ಜಾಸ್ತಿಯಾಯಿತೋ ಕಡಿಮೆಯಾಯಿತೋ? ಹಿಂದಿನ ಅಂದಾಜಿನ ಪಕ್ಕ ಇಟ್ಟರೆ 11,500 ಕೋಟಿ ಏರಿಕೆ. ಪರಿಷ್ಕೃತ ಅಂದಾಜಿನ ಪಕ್ಕ ಇಟ್ಟರೆ 38,500 ಕೋಟಿ ಇಳಿಕೆ. ಎರಡೂ ಸುಳ್ಳಲ್ಲ. ಯಾವ ಕಾಲಂ ಪಕ್ಕ ಯಾವುದನ್ನು ಇಟ್ಟಿರಿ, ಯಾಕೆ ಇಟ್ಟಿರಿ ಎಂದು ಹೇಳಲು ಬಂದರೆ ನೀವು ಕೇಳುತ್ತಿರುವ ಪಾಲಿಸಿ ಕೆಲಸ ಆಗಲೇ ಶುರುವಾಗಿದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಅಂದಾಜಿನ ಅಂಕಿಯನ್ನೇ ‘ಖರ್ಚು’ ಎಂಬ ತಲೆಬರಹದ ಕೆಳಗೆ ಹಾಕಿದ್ದೆ. ಹಿರಿಯರೊಬ್ಬರು ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಏನೂ ಹೇಳದೆ ಹಾಳೆ ವಾಪಸ್ ಕೊಟ್ಟರು. ಅಷ್ಟು ಹೊತ್ತಿಗೆ ಆ ಟಿಪ್ಪಣಿ ಸಂಸದರೊಬ್ಬರ ಕೈ ಸೇರಿಯಾಗಿತ್ತು. ಇವತ್ತಿಗೂ ಕಾಲಂನ ತಲೆಬರಹವನ್ನು ಎರಡು ಸಲ ಓದದೆ ಅಂಕಿ ಮುಟ್ಟುವುದಿಲ್ಲ.

ಶೀಟ್ ಮುಗಿದ ಮೇಲೆ, ನಿಮಗೆ ಅರ್ಥವಾಗದ ಒಂದೇ ಒಂದು ಅಂಕಿ ಹಿಡಿಯಿರಿ. ಆ ಸಚಿವಾಲಯದ ಅನುದಾನ ಬೇಡಿಕೆಗಳ (ವರ್ಷದ ಖರ್ಚಿಗೆ ಸಂಸತ್ತಿನ ಮುಂದಿಡುವ ಹಣದ ಕೋರಿಕೆ) ಬಗ್ಗೆ ಸಂಸತ್ತಿನ ಸ್ಥಾಯಿ ಸಮಿತಿ ಕೊಟ್ಟ ವರದಿ ತೆಗೆಯಿರಿ. ಇಂಥ 24 ಸಮಿತಿಗಳಿವೆ, ವರದಿಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹಣ ಯಾಕೆ ಉಳಿಯಿತು ಎಂದು ಸಮಿತಿ ಕೇಳಿದ್ದು, ಇಲಾಖೆ ಕೊಟ್ಟ ಸಬೂಬು, ಎರಡೂ ಅಲ್ಲಿ ಸಿಕ್ಕೀತು. ಅರ್ಧ ಪುಟ ಬರೆದು ಮೇಲಿನವರ ಟೇಬಲ್ ಮೇಲೆ ಇಡಿ. ಅವರಿಗೆ ತೋರಿಸುವ ಮೊದಲು ಲಿಂಕ್ಡ್‌ಇನ್‌ಗೆ ಹಾಕಬೇಡಿ, ದಯವಿಟ್ಟು.

ಪ್ರಶ್ನೆ: 15,000 ರೂಪಾಯಿ ಕೊಟ್ಟರೆ ಸಚಿವಾಲಯದಲ್ಲಿ ಇಂಟರ್ನ್‌ಶಿಪ್ ಗ್ಯಾರಂಟಿ ಎಂದು ಒಬ್ಬರು ಹೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಮೋಸ. ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ: ನೀತಿ ಆಯೋಗದಲ್ಲಿ ಇಂಟರ್ನ್ ಆದರೆ ಅಲ್ಲೇ ಕೆಲಸ ಸಿಗುತ್ತದಂತೆ?

ಉತ್ತರ: ‘ಅಂತೆ’ ಎಂದು ನೀವೇ ಬರೆದಿದ್ದೀರಿ. ಸಿಗುವುದಿಲ್ಲ. ಸ್ಟೈಪೆಂಡ್ ಕೂಡ ಇಲ್ಲ.

ಪ್ರಶ್ನೆ: ಮಾಹಿತಿಗೆ ಆರ್‌ಟಿಐ ಹಾಕಲಾ?

ಉತ್ತರ: ಕೇಂದ್ರ ಸರ್ಕಾರಕ್ಕಾದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹಾಕಿ. ಆದರೆ ಇಲಾಖೆ ತಾನೇ ಪ್ರಕಟಿಸಿದ ಮಾಹಿತಿಯನ್ನೇ ಕೇಳಿ ಒಂದು ತಿಂಗಳು ಸುಮ್ನೆ ಕೂರುವ ಇಂಟರ್ನ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲು ಅವರ ವೆಬ್‌ಸೈಟ್ ಜಾಲಾಡಿ.

ಪ್ರಶ್ನೆ: ವಾಪಸ್ ಬಂದ ಮೇಲೆ ಕಾಲೇಜಿನವರು ಕ್ರೆಡಿಟ್ ಕೊಡಲ್ಲ ಎನ್ನುತ್ತಿದ್ದಾರೆ.

ಉತ್ತರ: ಹೊರಡುವ ಮೊದಲು ಬರವಣಿಗೆಯಲ್ಲಿ ಒಪ್ಪಿಗೆ ತಗೊಂಡಿದ್ದಿರಾ? ಇಲ್ಲ ತಾನೇ.