ವಿಡಾಲ್ ಪಾಸಿಟಿವ್ ಬಂತು, ಮಾತ್ರೆ ನುಂಗಿದ್ದೂ ಆಯ್ತು, ಜ್ವರ ಮಾತ್ರ ಬಿಡ್ಲಿಲ್ಲ!

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು, "ಮೊದಲು ಒಂದು ಕಾಯಿಲೆ ಅಂದ್ರು, ಆಮೇಲೆ ಇನ್ನೊಂದು ಅಂದ್ರು" ಅಂತ. ಸ್ಕ್ಯಾನಿಂಗ್ ಇಲ್ಲದ, ಲ್ಯಾಬಲ್ಲಿ ನಾಲ್ಕೇ ಟೆಸ್ಟ್ ಇರೋ ಸಣ್ಣ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು, ಹಾಗಾಗಿ ಎರಡೂ ಕಡೆ ವಕಾಲತ್ತು ವಹಿಸ್ತೀನಿ, ಬೈಕೋಬೇಡಿ.

ಪ್ರಶ್ನೆ: ಡಾಕ್ಟ್ರೇ, ನನ್ನ ತಂಗಿಗೆ ಹನ್ನೆರಡು ದಿನ ಬಿಡದೆ ಜ್ವರ, ತಲೆನೋವು. ವಿಡಾಲ್ ಟೆಸ್ಟ್ ಪಾಸಿಟಿವ್ ಬಂತು ಅಂತ ಟೈಫಾಯ್ಡ್‌ಗೆ ಇಂಜೆಕ್ಷನ್ ಕೊಟ್ರು, ಏನೂ ಆಗ್ಲಿಲ್ಲ. ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಒಬ್ಬ ಹುಡುಗಿ ಡಾಕ್ಟ್ರು ಕಂಕುಳಲ್ಲಿ ಒಂದು ಕಪ್ಪು ಕಲೆ ನೋಡಿ ಸ್ಕ್ರಬ್ ಟೈಫಸ್ ಅಂದ್ರು, ಮಾತ್ರೆ ಶುರು ಮಾಡಿ ಎರಡು ದಿನಕ್ಕೆ ಜ್ವರ ಇಳೀತು. ಮೊದಲಿನವರಿಗೆ ಇಷ್ಟೂ ಗೊತ್ತಾಗ್ಲಿಲ್ವಾ?

ಉತ್ತರ: ಗೊತ್ತಾಗ್ದೇ ಇದ್ದದ್ದಕ್ಕಿಂತ ನೋಡ್ದೇ ಇದ್ದದ್ದು ಅನ್ನೋದೇ ಸರಿ. ನಾನೂ ಒಮ್ಮೆ ಹಿಂಗೇ ತಪ್ಪು ಮಾಡಿದೀನಿ, ಐದು ದಿನ ವಾರ್ಡಲ್ಲಿ ಇಟ್ಕೊಂಡ ಪೇಶೆಂಟಿನ ತೊಡೆಸಂದೀಲಿ ಇದ್ದ ಕಲೇನ ಆರನೇ ದಿನ ಬಟ್ಟೆ ಬದಲಾಯಿಸ್ತಿದ್ದ ನರ್ಸ್ ತೋರಿಸಿದ್ರು, ನಾಚಿಕೆ ಆಯ್ತು.

ಸ್ಕ್ರಬ್ ಟೈಫಸ್ ಬರೋದು ಒಂದು ಜಾತಿ ನುಸಿಯ ಮರಿ ಕಚ್ಚೋದ್ರಿಂದ. ಪೊದೆ, ಹುಲ್ಲು, ಹೊಲದ ಬದು ಇರೋ ಕಡೆ ಅದು ಇರುತ್ತೆ, ಕಣ್ಣಿಗೆ ಕಾಣಿಸಲ್ಲ ಅನ್ನೋಷ್ಟು ಸಣ್ಣದು, ಕಚ್ಚಿದ್ದೂ ಗೊತ್ತಾಗಲ್ಲ, ಒಂದು ವಾರ ಹತ್ತು ದಿನ ಆದ್ಮೇಲೆ ಜ್ವರ. ಕಚ್ಚಿದ ಜಾಗದಲ್ಲಿ ಸಿಗರೇಟಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ, ಅದಕ್ಕೆ ನಾವು ಎಸ್ಕಾರ್ ಅಂತೀವಿ. ನೋವಿಲ್ಲ, ತುರಿಕೆ ಇಲ್ಲ, ಆದ್ರಿಂದ ಪೇಶೆಂಟೂ ಹೇಳಲ್ಲ. ಮತ್ತೆ ಅದು ಇರೋದೂ ಎಂಥಾ ಜಾಗ ನೋಡಿ, ಕಂಕುಳು, ತೊಡೆಸಂದಿ, ಸ್ತನದ ಕೆಳಗೆ, ಸೊಂಟದ ಪಟ್ಟಿ ಬಿಗಿಯೋ ಕಡೆ. ಪರದೆ ಇಲ್ಲದ ಒಪಿಡಿಯಲ್ಲಿ, ಹಿಂದೆ ಎಂಬತ್ತು ಜನ ಕ್ಯೂ ನಿಂತಿರುವಾಗ, ಯಾವ ಹೆಣ್ಮಗಳು ಅಲ್ಲೆಲ್ಲ ತೋರಿಸ್ತಾಳೆ, ಯಾವ ಡಾಕ್ಟ್ರು ಕೇಳ್ತಾರೆ? ಹಾಗಾಗಿ ಮುಖ್ಯವಾದ ಉಪಕರಣ ಯಾವುದು ಅಂತ ನನ್ನ ಕೇಳಿದ್ರೆ ನಾನು ಒಂದು ಬಟ್ಟೆ ಪರದೆ ಅಂತೀನಿ, ತಮಾಷೆಗಲ್ಲ.

ಎಲ್ಲರಲ್ಲೂ ಈ ಕಲೆ ಇರಲ್ಲ ಅನ್ನೋದನ್ನೂ ಹೇಳ್ಬೇಕು. ಇಲ್ಲದಿದ್ದಾಗ ಊಹೆ ಮೇಲೇ ಡಾಕ್ಸಿಸೈಕ್ಲಿನ್ ಶುರು ಮಾಡ್ತೀವಿ, ಗರ್ಭಿಣಿ ಆದ್ರೆ ಅಜಿತ್ರೊಮೈಸಿನ್. ಸಾಮಾನ್ಯವಾಗಿ 48 ಗಂಟೆ ಒಳಗೆ ಜ್ವರ ಇಳಿಯುತ್ತೆ, ಇಳೀಲಿಲ್ಲ ಅಂದ್ರೆ ನಮ್ಮ ಊಹೇನೇ ತಪ್ಪಿರ್ಬೋದು ಅಂತ ಮತ್ತೆ ಮೊದಲಿಂದ ಯೋಚನೆ. ತೀರಾ ಜೋರಾದ ಕೇಸಲ್ಲಿ ಎರಡೂ ಔಷಧಿ ಸೇರಿಸಿ ಕೊಟ್ರೆ ಒಂದೇ ಕೊಡೋದಕ್ಕಿಂತ ವಾಸಿ ಅಂತ 2023ರಲ್ಲಿ ಭಾರತದ ಆಸ್ಪತ್ರೆಗಳಲ್ಲೇ ನಡೆದ ದೊಡ್ಡ ಅಧ್ಯಯನ ತೋರಿಸ್ತು. ಔಷಧಿ ಹಳೇದು, ಅಗ್ಗದ್ದು. ಕಷ್ಟ ಇರೋದು ಅದರ ನೆನಪಾಗೋದರಲ್ಲಿ.

ಇನ್ನು ವಿಡಾಲ್. ಅದು 1896ರಲ್ಲಿ ಬಂದ ಟೆಸ್ಟ್ ಸ್ವಾಮಿ! ಅದು ನೋಡೋದು ರೋಗಾಣುವನ್ನಲ್ಲ, ರೋಗಾಣು ವಿರುದ್ಧ ನಿಮ್ಮ ಮೈ ತಯಾರಿಸಿದ ಪ್ರತಿಕಾಯಗಳನ್ನ. ಯಾವತ್ತೋ ಬಂದು ಹೋದ ಟೈಫಾಯ್ಡ್, ಹಾಕಿಸ್ಕೊಂಡ ಲಸಿಕೆ, ಮಲೇರಿಯಾ, ಇವೆಲ್ಲದರಿಂದಲೂ ಪಾಸಿಟಿವ್ ಆಗ್ಬೋದು. ಸರಿಯಾದ ದಾರಿ ಬ್ಲಡ್ ಕಲ್ಚರ್, ಅಂದ್ರೆ ರಕ್ತದಲ್ಲಿರೋ ರೋಗಾಣುವನ್ನ ಬೆಳೆಸಿ ನೋಡೋದು, ಅದಕ್ಕೆ ಲ್ಯಾಬ್ ಬೇಕು, ದಿನಗಟ್ಟಲೆ ಕಾಯ್ಬೇಕು, ಅದೂ ಆಂಟಿಬಯೋಟಿಕ್ ಶುರು ಮಾಡೋ ಮೊದಲೇ ರಕ್ತ ತೆಗೀಬೇಕು. ಅದಿಲ್ಲದ ಕಡೆ ಡಾಕ್ಟ್ರಿಗೂ ಒಂದು ಚೀಟಿ ಬೇಕು, ಪೇಶೆಂಟಿಗೂ ಒಂದು ಹೆಸರು ಬೇಕು, ವಿಡಾಲ್ ಎರಡನ್ನೂ ಕೊಡುತ್ತೆ. ನನಗಂತೂ ಆ ಟೆಸ್ಟ್ ಕಂಡ್ರೆ ಆಗಲ್ಲ.

ಪ್ರಶ್ನೆ: ನಮ್ಮ ದೊಡ್ಡಪ್ಪನಿಗೆ ಹದಿನೈದು ವರ್ಷದಿಂದ ಶುಗರ್. ಕೆಮ್ಮು, ಜ್ವರ, ತೂಕ ಇಳೀತಾ ಬಂತು. ಎಕ್ಸ್‌ರೇ ನೋಡಿ ಟಿಬಿ ಅಂತ ಎರಡು ತಿಂಗಳು ಮಾತ್ರೆ ಕೊಟ್ರು, ಕಫದಲ್ಲಿ ಟಿಬಿ ಸಿಕ್ಕಿರಲಿಲ್ಲ. ಆಮೇಲೆ ಲಿವರಲ್ಲೂ ಸ್ಪ್ಲೀನಲ್ಲೂ ಕೀವುಗಡ್ಡೆ ಕಾಣಿಸ್ತು, ಕೊನೆಗೆ "ಮೆಲಿಯೊಯ್ಡೋಸಿಸ್" ಅಂತ ಬರ್ದಿದಾರೆ. ಹಿಂಗೊಂದು ಕಾಯಿಲೆ ನಾವು ಕೇಳೇ ಇಲ್ಲ.

ಉತ್ತರ: ಕೇಳಿರಲ್ಲ, ತುಂಬಾ ಡಾಕ್ಟ್ರುಗಳೂ ಪರೀಕ್ಷೆಗೆ ಓದಿ ಮರೆತಿರ್ತಾರೆ. ಆದ್ರೆ ಕಾಯಿಲೆ ಹೊಸದಲ್ಲ. 1911ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತೆ ಕೃಷ್ಣಸ್ವಾಮಿ ಅನ್ನೋ ಇಬ್ಬರು ಶವಪರೀಕ್ಷೆ ಮಾಡ್ತಾ ಮಾಡ್ತಾ ಇದನ್ನ ಕಂಡುಹಿಡಿದ್ರು, ಅವರು ನೋಡಿದವರಲ್ಲಿ ಹೆಚ್ಚಿನವರು ಮಾರ್ಫಿನ್ ಚುಚ್ಕೋತಿದ್ದ, ಸೊರಗಿ ಬೀದಿಪಾಲಾದ ಜನ. ರೋಗಾಣು ಇರೋದು ಮಣ್ಣಲ್ಲಿ, ಕೆಸರು ನೀರಲ್ಲಿ. ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗುತ್ತೆ, ಮಳೆಗಾಳಿ ಇದ್ದಾಗ ಉಸಿರಲ್ಲೂ ಹೋಗ್ಬೋದು, ಅದಕ್ಕೇ ಮಳೆಗಾಲದಲ್ಲಿ ಕೇಸ್ ಜಾಸ್ತಿ. ಶುಗರ್ ಇರೋರನ್ನ ಕಂಡ್ರೆ ಇದಕ್ಕೆ ಬಲು ಪ್ರೀತಿ.

ಯಾಕೆ ಸಿಕ್ಕಿಬೀಳಲ್ಲ ಅಂದ್ರೆ ವೇಷ ಹಾಕೋದ್ರಲ್ಲಿ ಇದು ನಿಸ್ಸೀಮ. ಶ್ವಾಸಕೋಶಕ್ಕೆ ಬಂದ್ರೆ ಥೇಟ್ ಟಿಬಿ, ಕೀಲಿಗೆ ಬಂದ್ರೆ ಸಂಧಿವಾತ, ಚರ್ಮಕ್ಕೆ ಬಂದ್ರೆ ಮಾಮೂಲಿ ಕುರು. ಕಲ್ಚರ್ ಮಾಡಿದ್ರೂ ಕಷ್ಟ, ಅಭ್ಯಾಸ ಇಲ್ಲದ ಲ್ಯಾಬಲ್ಲಿ "ಇದ್ಯಾವುದೋ ಸೂಡೊಮೊನಾಸ್ ಅನ್ನೋ ಬೇರೆ ಬ್ಯಾಕ್ಟೀರಿಯಾ, ಎಲ್ಲಿಂದಲೋ ಸೇರಿಕೊಂಡಿದೆ" ಅಂತ ಎಸೆದುಬಿಡೋದುಂಟು. 2016ರಲ್ಲಿ ಒಂದು ಅಂದಾಜು ಬಂತು, ಜಗತ್ತಲ್ಲಿ ವರ್ಷಕ್ಕೆ ಸುಮಾರು 1,65,000 ಕೇಸು, 89,000 ಸಾವು ಅಂತ. ಇಷ್ಟಿದ್ದೂ ಇದು "ಅಪರೂಪದ ಕಾಯಿಲೆ" ಪಟ್ಟೀಲಿದೆ, ಹುಡುಕದೇ ಇದ್ರೆ ಎಲ್ಲಾ ಕಾಯಿಲೆನೂ ಅಪರೂಪವೇ ಬಿಡಿ.

ನಿಮ್ಮ ಮನೆಯವರು ತಲೇಲಿ ಇಟ್ಕೋಬೇಕಾದ್ದು ಒಂದೇ, ಟ್ರೀಟ್‌ಮೆಂಟ್ ಎರಡು ಹಂತ. ಮೊದಲು ಕನಿಷ್ಠ 10ರಿಂದ 14 ದಿನ ರಕ್ತನಾಳಕ್ಕೆ ಇಂಜೆಕ್ಷನ್, ಸೆಫ್ಟಾಜಿಡೀಮ್ ಇಲ್ಲ ಮೆರೊಪೆನೆಮ್. ಗಡ್ಡೆಗಳಿದ್ರೆ ಇನ್ನೂ ಜಾಸ್ತಿ ದಿನ. ಆಮೇಲೆ ಕೋಟ್ರೈಮೊಕ್ಸಜೋಲ್ ಮಾತ್ರೆ, ಕನಿಷ್ಠ ಮೂರು ತಿಂಗಳು. ಇಂಜೆಕ್ಷನ್ ಮುಗಿಯೋಷ್ಟರಲ್ಲಿ ದೊಡ್ಡಪ್ಪ ಎದ್ದು ಓಡಾಡ್ತಿರ್ತಾರೆ, ಚೆನ್ನಾಗಿದೀನಲ್ಲ ಅಂತ ಮಾತ್ರೆ ಬಿಟ್ಟುಬಿಡ್ತಾರೆ, ಕಾಯಿಲೆ ವಾಪಸ್ ಬರುತ್ತೆ. ದಯವಿಟ್ಟು ಬಿಡೋಕೆ ಕೊಡ್ಬೇಡಿ. ಶುಗರ್ ಹತೋಟೀಲಿರ್ಲಿ, ಕೆಸರಿಗೆ ಇಳಿಯೋದಾದ್ರೆ ಬೂಟ್ ಹಾಕ್ಕೊಳ್ಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಮಗನಿಗೆ ಫಿಟ್ಸ್ ಬಂದು ಸ್ಕ್ಯಾನ್ ಮಾಡಿಸಿದ್ರೆ ಮೆದುಳಲ್ಲಿ ಲಾಡಿಹುಳುವಿನ ಗುಳ್ಳೆ ಅಂತಾರೆ. ಅದು ಹಂದಿಮಾಂಸ ತಿಂದೋರಿಗೆ ಬರೋದಲ್ವಾ?

ಉತ್ತರ: ಅಲ್ಲ. ಸರಿಯಾಗಿ ಬೇಯದ ಹಂದಿಮಾಂಸ ತಿಂದೋರಿಗೆ ಬರೋದು ಹೊಟ್ಟೇಲಿ ಹುಳ. ಆ ಹುಳ ಇರೋರ ಮಲದಲ್ಲಿ ಮೊಟ್ಟೆ ಹೊರಗೆ ಬರುತ್ತೆ, ಅದು ನೀರು, ಸೊಪ್ಪು, ತೊಳೀದ ಕೈ ಮೂಲಕ ಯಾರ ಹೊಟ್ಟೆಗೆ ಬೇಕಾದ್ರೂ ಹೋಗ್ಬೋದು, ಮೆದುಳಿಗೆ ಹೋಗಿ ಗುಳ್ಳೆ ಆಗೋದು ಆ ಮೊಟ್ಟೆಯಿಂದ. ಸಸ್ಯಾಹಾರಿ ಆದ್ರೂ ಅಷ್ಟೇ. ಹುಳದ ಮಾತ್ರೆ ತಾನೇ ಅಂತ ನೀವೇ ಅಂಗಡಿಯಿಂದ ತಂದು ಕೊಡ್ಬೇಡಿ, ಗುಳ್ಳೆ ಸಾಯುವಾಗ ಸುತ್ತ ಊತ ಬಂದು ಫಿಟ್ಸ್ ಜಾಸ್ತಿ ಆಗ್ಬೋದು.

ಪ್ರಶ್ನೆ: ನಾನು ನರ್ಸ್, ಲ್ಯಾಬ್ ಇಲ್ಲದ ಸಣ್ಣ ಕೇಂದ್ರದಲ್ಲಿದೀನಿ. ಬೆಳಗಿನ ಜಾವ ಹೊಟ್ಟೆನೋವು ಅಂತ ಒಬ್ಬ ಹುಡುಗನ್ನ ಕರ್ಕೊಂಡು ಬಂದ್ರು, ಗ್ಯಾಸ್ಟ್ರಿಕ್ ಅಂದ್ಕೊಂಡ್ವಿ, ಗಂಟೆ ಕಳೆಯೋದ್ರಲ್ಲಿ ರೆಪ್ಪೆ ಎತ್ತೋಕೆ ಆಗ್ತಿರ್ಲಿಲ್ಲ. ಮೈಮೇಲೆ ಗಾಯ ಇರ್ಲಿಲ್ಲ. ಹಾವು ಕಚ್ಚಿತ್ತಂತೆ! ನಾವು ಹೆಂಗೆ ಗುರುತು ಹಿಡೀಬೇಕಿತ್ತು ಸರ್?

ಉತ್ತರ: ನೀವು ರೆಪ್ಪೆ ಗಮನಿಸಿದ್ರಲ್ಲ ಸಿಸ್ಟರ್, ಅದೇ ಗುರುತು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದೋರನ್ನ ಕಚ್ಚುತ್ತೆ, ಹಲ್ಲು ಸಣ್ಣ, ಊತ ಇಲ್ಲ, ಎಷ್ಟೋ ಸಲ ಎಚ್ಚರಾನೂ ಆಗಲ್ಲ. ನೆಲದಲ್ಲಿ ಮಲಗಿದ್ದೋರಿಗೆ ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲೋದು, ನುಂಗೋಕೆ ಕಷ್ಟ ಅಂದ್ರೆ ಗಾಯ ಹುಡುಕ್ತಾ ಕೂರ್ಬೇಡಿ, ಹಾವು ಅಂತಲೇ ತಿಳ್ಕೊಂಡು ಸಾಗಿಸಿ. ಈ ವಿಷ ನರದ ತುದಿಯನ್ನೇ ಹಾಳು ಮಾಡುತ್ತೆ, ತಡ ಆದ್ಮೇಲೆ ಆಂಟಿವೆನಮ್ ಕೊಟ್ರೂ ಆಗಿರೋ ಹಾನಿನ ಅದು ಸರಿ ಮಾಡಲ್ಲ, ಆಗ ಬದುಕಿಸೋದು ಉಸಿರು. ಕೈಯಲ್ಲಿ ಒತ್ತಿ ಉಸಿರು ಕೊಡೋ ಆಂಬು ಬ್ಯಾಗ್ ಒತ್ತುತ್ತಾ ಹೋಗಿ, ಆಂಬ್ಯುಲೆನ್ಸಲ್ಲೂ ನಿಲ್ಲಿಸ್ಬೇಡಿ.

ಇನ್ನೊಂದು ಮಾತು, ಇದನ್ನ ನಾನು ಎಲ್ಲಾ ಕಡೆ ಹೇಳ್ತಾ ತಿರುಗ್ತೀನಿ. ಇಡೀ ಮೈ ಸ್ವಾಧೀನ ತಪ್ಪಿದಾಗ ಕಣ್ಣಿನ ಪಾಪೆನೂ ಬೆಳಕಿಗೆ ಕುಗ್ಗದೇ ಇರ್ಬೋದು, ನೋಡಿದ್ರೆ ಮೆದುಳು ಸತ್ತ ಹಾಗೇ. ಸತ್ತಿರಲ್ಲ. ಒಳಗೆ ಆ ಹುಡುಗ ಎಲ್ಲಾ ಕೇಳಿಸ್ಕೋತಾ ಇರ್ಬೋದು. ದಿನಗಟ್ಟಲೆ ಉಸಿರು ಕೊಟ್ರೆ ಎದ್ದು ಕೂರ್ತಾರೆ, ಆದ್ರಿಂದ ಮಂಚದ ಪಕ್ಕ ನಿಂತು ಮಾತಾಡೋ ಮೊದಲು ಸ್ವಲ್ಪ ಯೋಚನೆ ಮಾಡಿ.

ಮಂಡಲದ ಹಾವಿಗಾದ್ರೆ ನಿಮ್ಮ ಕೈಯಲ್ಲೇ ಟೆಸ್ಟ್ ಇದೆ. ಒಣಗಿದ ಸ್ವಚ್ಛ ಗಾಜಿನ ಟ್ಯೂಬಲ್ಲಿ 2 ಎಂಎಲ್ ರಕ್ತ, 20 ನಿಮಿಷ ಅಲ್ಲಾಡಿಸ್ದೆ ಇಡಿ, ಆಮೇಲೆ ಒಮ್ಮೆ ಓರೆ ಮಾಡಿ. ಇನ್ನೂ ನೀರಾಗೇ ಹರಿದ್ರೆ ವಿಷ ರಕ್ತಕ್ಕಿಳಿದಿದೆ. ಪ್ಲಾಸ್ಟಿಕ್ ಟ್ಯೂಬ್ ಆಗಲ್ಲ, ಸೋಪಿನ ಪುಡೀಲಿ ತೊಳೆದ ಗಾಜೂ ಆಗಲ್ಲ, ರಕ್ತ ಹೆಪ್ಪುಗಟ್ಟೋಕೆ ಬಿಡದೆ ಸುಳ್ಳು ಹೇಳುತ್ತೆ. ಮತ್ತೆ ಹೆಪ್ಪುಗಟ್ಟಿತು ಅಂತ ಕಟ್ಟುಹಾವು ಕೇಸನ್ನ ಮನೆಗೆ ಕಳಿಸ್ಬೇಡಿ, ಅದರ ವಿಷಕ್ಕೂ ಈ ಟೆಸ್ಟಿಗೂ ಸಂಬಂಧ ಇಲ್ಲ.

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಹಳ್ಳಿ ಪೋಸ್ಟಿಂಗ್ ಬಂದಿದೆ. ಅಲ್ಲಿ ಏನೂ ಇಲ್ಲ ಸರ್, ಕೈ ಕಟ್ಟಿ ಹಾಕಿದ ಹಾಗಿದೆ. ದೊಡ್ಡ ಆಸ್ಪತ್ರೆ ಪ್ರೋಟೋಕಾಲ್ ಓದ್ಕೊಂಡು ಏನು ಮಾಡ್ಲಿ?

ಉತ್ತರ: ಕೋಪ ಬರೋದು ಸರಿ, ಇಲ್ಲದಿರೋದನ್ನ ಕೇಳ್ತಾನೇ ಇರಿ, ಇದ್ದಷ್ಟರಲ್ಲೇ ಸುಧಾರಿಸ್ತಾರೆ ಅನ್ನೋ ಹೆಸರು ಬಂದ್ರೆ ಏನೂ ಕಳ್ಸಲ್ಲ. ಆದ್ರೆ ದೊಡ್ಡ ಆಸ್ಪತ್ರೆ ಪ್ರೋಟೋಕಾಲ್ ಎಲ್ಲಾ ಕಡೆ ಸರಿ ಅಂತ ಅಂದ್ಕೋಬೇಡಿ. ಉಗಾಂಡಾ, ಕೀನ್ಯಾ, ತಾಂಜಾನಿಯಾದಲ್ಲಿ ಜ್ವರದಿಂದ ಶಾಕ್‌ಗೆ ಹೋದ, ಅಂದ್ರೆ ಮೈಯಲ್ಲಿ ರಕ್ತದ ಓಟ ಕುಸಿದ, 3,141 ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದ್ರು, 2011ರಲ್ಲಿ ಪ್ರಕಟ ಆಯ್ತು. ಪುಸ್ತಕದಲ್ಲಿ ಬರೆದ ಹಾಗೆ ಒಮ್ಮೆಲೇ ಡ್ರಿಪ್ ಸುರಿದವರಲ್ಲಿ 48 ಗಂಟೇಲಿ ಸಾವು ನೂರಕ್ಕೆ ಹತ್ತೂವರೆ ಹತ್ರ, ಹಾಗೆ ಸುರೀದೇ ನಿಧಾನವಾಗಿ ಕೊಟ್ಟವರಲ್ಲಿ ಏಳು ಚಿಲ್ಲರೆ. ಜಗತ್ತೇ ಬೆಚ್ಚಿಬಿತ್ತು. ಅದಕ್ಕೂ ಹಿಂದೆ 1971ರಲ್ಲಿ, ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನ್ ಖಾಲಿ ಆದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಕಲಸಿ ಡ್ರಮ್ಮಲ್ಲಿ ತುಂಬಿ ನಲ್ಲಿ ಹಾಕಿ ಕುಡಿಸಿದ್ರು, ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳೀತು. ಎರಡನ್ನೂ ಕಲಿತದ್ದು "ಏನೂ ಇಲ್ಲದ" ಕಡೆಗಳಲ್ಲೇ.

ಕೈಯಲ್ಲಿ ವಾಚ್ ಇದೆಯಲ್ಲ, ಮಗುವಿನ ಉಸಿರು ಪೂರ್ತಿ ಒಂದು ನಿಮಿಷ ಎಣಿಸಿ, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40, ಅಷ್ಟು ಅಥವಾ ಮೇಲಿದ್ರೆ ನ್ಯುಮೋನಿಯಾ ಯೋಚನೆ ಮಾಡಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ಒಂದು, ಗ್ಲೂಕೋಮೀಟರ್ ಒಂದು ಜೇಬಲ್ಲಿರ್ಲಿ. ಗ್ಲೂಕೋಮೀಟರ್ ಯಾಕೆ ಅಂತೀರಾ, ಬಿಹಾರದ ಮುಜಫ್ಫರ್‌ಪುರದ ಕಥೆ ಓದಿ. ವರ್ಷ ವರ್ಷವೂ ಬೇಸಿಗೇಲಿ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಸಾಯ್ತಿದ್ರು, ವೈರಸ್ ಅಂದ್ರು, ಕೀಟನಾಶಕ ಅಂದ್ರು. 2014ರ ತನಿಖೇಲಿ ಗೊತ್ತಾಗಿದ್ದು, ಲಿಚಿ ತಿಂದು ರಾತ್ರಿ ಊಟ ಇಲ್ಲದೆ ಮಲಗಿದ ಮಕ್ಕಳಲ್ಲಿ ಆ ಹಣ್ಣಿನ ವಿಷಾಂಶ ಮೈ ಸಕ್ಕರೆ ತಯಾರಿಸೋದನ್ನೇ ನಿಲ್ಲಿಸಿಬಿಡುತ್ತೆ ಅಂತ. ಫಿಟ್ಸ್ ಬಂದ ಮಗು ಬಂದ ಕೂಡಲೇ ಒಂದು ಹನಿ ರಕ್ತ ನೋಡಿ, ಕಡಿಮೆ ಇದ್ರೆ ಗ್ಲೂಕೋಸ್ ಏರಿಸಿ, ಹೆಸರು ಆಮೇಲೆ ಹುಡುಕೋಣ.

ಪ್ರಶ್ನೆ: ಎರಡೂ ಕಾಲು ಊದಿದ್ರೆ ಆನೆಕಾಲೇನಾ? ರಕ್ತ ಪರೀಕ್ಷೇಲಿ ಏನೂ ಸಿಕ್ಕಿಲ್ಲ.

ಉತ್ತರ: ಆಗಲೇಬೇಕಂತಿಲ್ಲ. ಹೃದಯ, ಕಿಡ್ನಿ, ಲಿವರ್ ಮೊದಲು ನೋಡಿಸಿ. ಇಥಿಯೋಪಿಯಾ, ಕ್ಯಾಮರೂನ್ ಕಡೆ ಜ್ವಾಲಾಮುಖಿಯ ಕೆಂಪು ಮಣ್ಣಲ್ಲಿ ಬರಿಗಾಲಲ್ಲಿ ನಡೆದೂ ನಡೆದೂ ಪೊಡೊಕೋನಿಯೋಸಿಸ್ ಅಂತ ಬರುತ್ತೆ, ಸೊಳ್ಳೆಗೂ ಹುಳಕ್ಕೂ ಸಂಬಂಧವೇ ಇಲ್ಲ, ಪಾದದಿಂದ ಶುರುವಾಗಿ ಮೇಲೇರುತ್ತೆ. ಔಷಧಿ ಅಂದ್ರೆ ದಿನಾ ಕಾಲು ತೊಳೆದು ಎಣ್ಣೆ ಹಚ್ಚಿ ಶೂ ಹಾಕೋದು.

ಪ್ರಶ್ನೆ: ಡಾಕ್ಟ್ರ ಹತ್ರ ಹೋಗುವಾಗ ನಾವು ಏನು ಹೇಳಿದ್ರೆ ಒಳ್ಳೇದು? ಅವರಿಗೆ ಟೈಮೇ ಇರಲ್ಲ.

ಉತ್ತರ: ಜ್ವರ ಶುರುವಾದ ದಿನ, ಮಾಡೋ ಕೆಲಸ, ಕೆಸರು ನೀರಲ್ಲಿ ಇಳಿದಿದ್ರಾ, ಕಾಡಿಗೆ ಹೋಗಿದ್ರಾ, ಸುತ್ತಮುತ್ತ ಪ್ರಾಣಿ ಸತ್ತಿದ್ವಾ. ಕೊನೇದು ತಮಾಷೆ ಅಲ್ಲ, 1957ರಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಹೊರಬಿದ್ದದ್ದೇ ಕಾಡಲ್ಲಿ ಮಂಗಗಳು ಸಾಯ್ತಿವೆ ಅಂತ ಜನ ಗಮನಿಸಿದ್ದಕ್ಕೆ. ಮತ್ತೆ ಈಗಾಗ್ಲೇ ನುಂಗಿರೋ ಮಾತ್ರೆಗಳ ಖಾಲಿ ಸ್ಟ್ರಿಪ್ ತನ್ನಿ, ಹೆಸರು ಗೊತ್ತಿಲ್ಲ ಬಿಳಿ ಮಾತ್ರೆ ಅನ್ಬೇಡಿ. ಯಾಕಂದ್ರೆ ಅದರಲ್ಲಿ ಸ್ಟೀರಾಯ್ಡ್ ಇದ್ರೆ ಕಥೆನೇ ಬೇರೆ. ಸ್ಟ್ರಾಂಜಿಲಾಯ್ಡಿಸ್ ಅಂತ ಒಂದು ಹುಳ ಇದೆ, ಬರಿಗಾಲಿಂದ ಒಳಗೆ ಹೊಕ್ಕು ದಶಕಗಟ್ಟಲೆ ಸದ್ದಿಲ್ಲದೆ ಇರುತ್ತೆ, ಎರಡನೇ ಮಹಾಯುದ್ಧದಲ್ಲಿ ಬರ್ಮಾ ರೈಲು ಹಳಿ ಹಾಕಿದ ಕೈದಿಗಳಲ್ಲಿ ಹತ್ತಾರು ವರ್ಷ ಆದ್ಮೇಲೂ ಸಿಕ್ಕಿದೆ. ಮಂಡಿನೋವಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ತಗೊಂಡ್ರೆ ಮೈಯ ಕಾವಲು ಸಡಿಲ ಆಗಿ ಅದು ಇಡೀ ಮೈಗೆ ಹಬ್ಬಿ ಪ್ರಾಣಕ್ಕೇ ಬರ್ಬೋದು. ಸುಳಿವು ಸಿಕ್ಕಿದ್ರೆ ಐವರ್ಮೆಕ್ಟಿನ್ ಇದೆ, ಆ ಸುಳಿವು ನೀವು ಬಿಸಾಕಿದ ಸ್ಟ್ರಿಪ್ಪಲ್ಲಿ ಇರ್ಬೋದು.