ಕೀಮೋಥೆರಪಿಗೆ ಮೊದಲು ಅರಿಶಿನದ ಮಾತ್ರೆಯೇ?

ಪ್ರಶ್ನೆ: 27 ವರ್ಷದ ನನ್ನ ತಮ್ಮನಿಗೆ ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಇರುವುದು ಪತ್ತೆಯಾಗಿದ್ದು, ಮುಂದಿನ ವಾರ ಕೀಮೋಥೆರಪಿ ಆರಂಭವಾಗಲಿದೆ. ಅರಿಶಿನದ ಸಾರದ ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗಲು ತೊಂದರೆಯಾಗದು ಎಂದು ಬಂಧುಗಳು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ದಯವಿಟ್ಟು ವೈದ್ಯರನ್ನು ಕೇಳದೆ ಕೊಡಬೇಡಿ. ಸೈಕ್ಲೋಫಾಸ್ಫಮೈಡ್‌ನಂಥ ಕೀಮೋ ಔಷಧಿ ದೇಹದಲ್ಲಿ ವಿಭಜನೆಗೊಂಡಾಗ ಹುಟ್ಟುವ ಅಕ್ರೋಲಿನ್ ಎಂಬ ವಸ್ತು ವೃಷಣದ ಜೀವಕೋಶಗಳನ್ನು ಘಾಸಿಗೊಳಿಸುತ್ತದೆ. ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್ ಮುಂತಾದ ಸಸ್ಯಜನ್ಯ ಆಂಟಿಆಕ್ಸಿಡೆಂಟ್‌ಗಳು ಇಲಿಗಳಲ್ಲಿ ಈ ಹಾನಿಯನ್ನು ತಗ್ಗಿಸಿರುವುದು ನಿಜ. ಆದರೆ ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಮೇಲಾಗಿ, ಕೆಲವು ಕೀಮೋ ಔಷಧಿಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರಲ್ಲಿ ಆಕ್ಸಿಡೇಟಿವ್ ಒತ್ತಡಕ್ಕೂ (ಆಂಟಿಆಕ್ಸಿಡೆಂಟ್‌ಗಳು ತಡೆಯುವ, ಕೋಶಗಳನ್ನು ಘಾಸಿಗೊಳಿಸುವ ರಾಸಾಯನಿಕ ಕ್ರಿಯೆಗೂ) ಪಾಲಿರುವುದರಿಂದ, ಸಾಂದ್ರ ಮಾತ್ರೆಗಳು ಚಿಕಿತ್ಸೆಯ ಬಲವನ್ನೇ ಕುಂದಿಸಬಹುದೆಂಬ ಆತಂಕವಿದೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಬಗ್ಗೆ ನಾನು ಹೇಳುತ್ತಿಲ್ಲ.

ಭರವಸೆಯ ದಾರಿಯೆಂದರೆ ಮೊದಲ ಡೋಸ್‌ಗೆ ಮುಂಚೆಯೇ ವೀರ್ಯವನ್ನು ಶೇಖರಿಸಿಡುವುದು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ, ಮಾದರಿ ಕೊಡಲು ಒಂದೆರಡು ದಿನ ಸಾಕು. ಕಾಯಿಲೆಯ ಗಾಬರಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಸಂಕೋಚದಿಂದ, ಎಷ್ಟೋ ಯುವಕರು ಈ ಮಾತನ್ನೇ ಎತ್ತುವುದಿಲ್ಲ; ಆದ್ದರಿಂದ ನಾಳೆಯೇ ನೀವೇ ತಮ್ಮನ ಕ್ಯಾನ್ಸರ್ ತಜ್ಞರ ಬಳಿ ವಿಚಾರಿಸಿ.