ಹಿಮದ ನಡುವೆ ಬೀಗ ಹಾಕದ ಕೋಣೆ

ಪ್ರಶ್ನೆ: ನನ್ನ ಮಗ ಸ್ವಿಟ್ಜರ್ಲೆಂಡ್‌ನಲ್ಲಿ ಓದುತ್ತಿದ್ದಾನೆ. ಬರುವ ಫೆಬ್ರವರಿಯಲ್ಲಿ ಗೆಳೆಯರೊಡನೆ ಕಾಲಿಗೆ ಸ್ಕೀ (ಹಿಮದ ಮೇಲೆ ಜಾರುವ ಉದ್ದ ಹಲಗೆ) ಕಟ್ಟಿಕೊಂಡು ಬೆಟ್ಟ ಹತ್ತಿ, ಯಾರೂ ಇರದ ಹಟ್ (ಬೆಟ್ಟದ ಮೇಲಿನ ತಂಗುಮನೆ) ಒಂದರಲ್ಲಿ ರಾತ್ರಿ ತಂಗುತ್ತಾರಂತೆ. ಯಾರೂ ಇಲ್ಲದ ಕಟ್ಟಡಕ್ಕೆ ಬೀಗ ಹಾಕದೆ ಬಿಡುತ್ತಾರೆಂದರೆ ನಂಬಲಾಗುತ್ತಿಲ್ಲ. ಅವನಿಗೆ ಯಾವ ಎಚ್ಚರಿಕೆ ಹೇಳಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಅಲ್ಲಿನ ಪರ್ವತಾರೋಹಿಗಳ ಸಂಘವಾದ ಸ್ವಿಸ್ ಆಲ್ಪೈನ್ ಕ್ಲಬ್ 1863ರಲ್ಲಿ ಸ್ಥಾಪನೆಯಾದ ವರ್ಷವೇ ತನ್ನ ಮೊದಲ ಹಟ್ಟನ್ನು ಕಟ್ಟಿತು. ಇಂದು ಅದರ ಬಳಿ 150ಕ್ಕೂ ಹೆಚ್ಚು ಹಟ್‌ಗಳಿವೆ. ಹೆಸರು ಗುಡಿಸಲೆಂದಾದರೂ ಹೆಚ್ಚಿನವು ಕಲ್ಲು, ಮರಗಳ ಗಟ್ಟಿ ಕಟ್ಟಡಗಳು. ಬೇಸಿಗೆಯಲ್ಲೂ, ಸ್ಕೀ ಪ್ರವಾಸಿಗರು ಹೆಚ್ಚಾಗಿ ಬರುವ ಮಾರ್ಚ್, ಏಪ್ರಿಲ್‌ಗಳಲ್ಲೂ ಅನೇಕ ಹಟ್‌ಗಳಲ್ಲಿ ಅಡುಗೆ ಮಾಡಿ ಬಡಿಸುವ ಮೇಲ್ವಿಚಾರಕರಿರುತ್ತಾರೆ. ಅವರಿಲ್ಲದ ದಿನಗಳಲ್ಲಿ ಕಟ್ಟಡದ ಉಳಿದ ಭಾಗಕ್ಕೆ ಬೀಗ ಬಿದ್ದರೂ ‘ಚಳಿಗಾಲದ ಕೋಣೆ’ಯನ್ನು ಸಾಮಾನ್ಯವಾಗಿ ತೆರೆದೇ ಇಡುತ್ತಾರೆ, ಏಕೆಂದರೆ ಹಿಮಗಾಳಿಗೆ ಸಿಕ್ಕಿ ಕತ್ತಲಲ್ಲಿ ಬಂದವರಿಗೆ ಆ ಬಾಗಿಲು ತೆರೆಯದಿದ್ದರೆ ಪ್ರಾಣಕ್ಕೇ ಕುತ್ತು. ಒಳಗೆ ಹಾಸಿಗೆ, ಕಂಬಳಿ, ಸೌದೆ ಒಲೆ, ಪಾತ್ರೆಗಳಿರುತ್ತವೆ. ತಂಗಿದವರು ಬಾಡಿಗೆಯನ್ನು ತಾವಾಗಿಯೇ ಸಲ್ಲಿಸಿ, ಹೆಸರನ್ನೂ ಮರುದಿನ ಹೋಗುವ ದಾರಿಯನ್ನೂ ಪುಸ್ತಕದಲ್ಲಿ ಬರೆಯುತ್ತಾರೆ. ಇದನ್ನು ಮರೆಯಬಾರದೆಂದು ಮಗನಿಗೆ ಒತ್ತಿ ಹೇಳಿ. ಯಾರಾದರೂ ಕಾಣೆಯಾದಾಗ ಹುಡುಕುವವರಿಗೆ ಆ ಬರಹವೇ ಆಧಾರ. ನಾರ್ವೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಹಟ್‌ಗಳಲ್ಲಿ ಆಹಾರದ ಡಬ್ಬಿಗಳನ್ನೂ ಇಟ್ಟಿರುತ್ತಾರೆ. ಬಳಸಿದಷ್ಟಕ್ಕೆ ಲೆಕ್ಕ ಬರೆದು ಹಣ ಕೊಡುವುದು ತಂಗಿದವರ ಹೊಣೆ.

ಚಳಿಗಾಲದ ಕೋಣೆಯಲ್ಲಿ ಸಾಮಾನ್ಯವಾಗಿ ನಲ್ಲಿ ನೀರು ಸಿಗುವುದಿಲ್ಲ, ಹಿಮ ಕರಗಿಸಿಕೊಳ್ಳಬೇಕು. ಹೊಸದಾಗಿ ಬಿದ್ದ ಹಗುರ ಹಿಮ ಹತ್ತು ಪಾತ್ರೆಯಷ್ಟು ಕರಗಿದರೆ ಸುಮಾರು ಒಂದು ಪಾತ್ರೆ ನೀರು. ಬರಿ ಪಾತ್ರೆಗೆ ಹಿಮ ತುಂಬಿ ಉರಿಗಿಟ್ಟರೆ ತಳ ಸೀದು ನೀರಿಗೂ ಅದೇ ವಾಸನೆ ಹಿಡಿಯುತ್ತದೆ. ಮೊದಲು ಒಂದು ಲೋಟ ನೀರು ಹಾಕಿ, ಅದು ಬಿಸಿಯಾದ ಮೇಲೆ ಹಿಮವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಶೌಚಾಲಯದ ಕಡೆಯ ಹಿಮವನ್ನು ತೆಗೆದುಕೊಳ್ಳಬಾರದೆಂದು ಬೇರೆ ಹೇಳಬೇಕಾಗಿಲ್ಲ. ಹೊರಡುವ ಬೆಳಿಗ್ಗೆ ಬೂದಿ ತೆಗೆದು, ಒಲೆಯ ಪಕ್ಕ ಸೌದೆ ಸೀಳಿಟ್ಟು, ಕಂಬಳಿ ಮಡಚಿ, ಕಸವನ್ನು ಹೊತ್ತು ತರಬೇಕು. ಸೌದೆಯನ್ನು ಎಷ್ಟೋ ಕಡೆ ಹೆಲಿಕಾಪ್ಟರ್‌ನಲ್ಲಿ ಸಾಗಿಸಿರುತ್ತಾರಾದ್ದರಿಂದ ಅದನ್ನು ಹಿಡಿತದಿಂದ ಬಳಸುವುದು ನ್ಯಾಯ.

ನನ್ನ ಹೆಚ್ಚಿನ ಆತಂಕ ಎರಡು ವಿಷಯಗಳ ಬಗ್ಗೆ. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬಾರದೆಂದು ಹಿರಿಯರು ಗದರುವುದು ಯಾವ ಕಾರಣಕ್ಕೋ, ಅದೇ ಅಪಾಯ ಅಲ್ಲಿಯೂ ಇದೆ: ಹೊಗೆ ಕೊಳವೆಯ ಬಾಯಿಗೆ ಹಿಮ ಕಟ್ಟಿಕೊಂಡರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬುತ್ತದೆ. ಒಲೆ ಹಚ್ಚುವ ಮೊದಲು ಕೊಳವೆ ನೋಡಿ, ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ತಲೆನೋವು, ವಾಕರಿಕೆ ಬಂದರೆ ಎತ್ತರದ ಹವೆಯ ಪರಿಣಾಮವೆಂದು ಸುಮ್ಮನಿರದೆ ಕೂಡಲೇ ಹೊರಗೆ ಬರಬೇಕು.

ಎರಡನೆಯದು, ಇನ್ನೂ ದೊಡ್ಡದು, ಹಟ್‌ಗೆ ಹೋಗುವ ದಾರಿಯ ಹಿಮಕುಸಿತ. ಇಳಿಜಾರು 30 ಡಿಗ್ರಿ ದಾಟಿದರೆ ಹಿಮದ ಪದರ ಜಾರಬಹುದು. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ಪ್ರತಿದಿನ ಸಂಜೆ 5 ಗಂಟೆಗೆ ಅಪಾಯದ ಮಟ್ಟವನ್ನು 1ರಿಂದ 5ರವರೆಗಿನ ಅಂಕಿಯಲ್ಲಿ ಪ್ರಕಟಿಸುತ್ತದೆ. ಮಗ ಅದನ್ನು ಓದುವ ರೂಢಿಯವನೇ, ಗುಂಪಿನ ಪ್ರತಿಯೊಬ್ಬರ ಬಳಿಯೂ ಹಿಮದಡಿ ಹೂತವರನ್ನು ಹುಡುಕಲು ನೆರವಾಗುವ ಸಂಕೇತ ಯಂತ್ರ, ಸಲಿಕೆ, ಉದ್ದದ ಶೋಧನಾ ಕೋಲು ಇವೆಯೇ, ಅವನ್ನು ಬಳಸಿ ಅಭ್ಯಾಸವಾಗಿದೆಯೇ ಎಂದು ಕೇಳಿ. ಹೌದೆಂದರೆ, ಜೊತೆಗೆ ಅನುಭವಿಗಳಿದ್ದರೆ, ತಡೆಯಬೇಡಿ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಹಟ್‌ಗಳಿವೆಯೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಆಲ್ಪ್ಸ್‌ನಲ್ಲಿರುವಂತೆ ಒಂದರಿಂದ ಇನ್ನೊಂದಕ್ಕೆ ಸ್ಕೀ ಮೇಲೆ ಸಾಗಬಹುದಾದ ಹಟ್‌ಗಳ ಸರಣಿ ನಮ್ಮಲ್ಲಿಲ್ಲ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ತಂತಿ ತೊಟ್ಟಿಲು (ರೋಪ್‌ವೇ) 3,900 ಮೀಟರಿಗೂ ಮೇಲಕ್ಕೆ ಒಯ್ಯುತ್ತದೆ. ಅಲ್ಲಿಂದ ಇಳಿದವರು ಸಂಜೆಗೆ ಊರಿನ ಹೋಟೆಲಿಗೆ ಮರಳುತ್ತಾರೆ. ಉತ್ತರಾಖಂಡದ ಔಲಿಯಲ್ಲೂ ರಾತ್ರಿ ತಂಗುವುದು ಹೋಟೆಲುಗಳಲ್ಲೇ. ಸ್ಕೀ ಕಲಿಯಲು ಎರಡೂ ಒಳ್ಳೆಯ ಜಾಗಗಳು.